ಅಕ್ಕಲಕೋಟೆಯಲ್ಲಿ ನಳಿನಿಯ ಲಗ್ನ

ಅಕ್ಕಲಕೋಟೆಗೆ ಬಂದ ಮರುದಿನ ಬೆಳಿಗ್ಗೆ ನಾನು ಗಂಡನನ್ನು ಅಲ್ಲಾಡಿಸಿ ಎಬ್ಬಿಸಿ, "ರೀ, ಕೆಳಗೆ ಯಾರನ್ನೋ ಹೊಡೀತಿದಾರೆ, ಏಳ್ರೀ" ಎಂದೆ. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಪಟ್ ಪಟ್ ಪಟ್ ಎಂದು ಏಟು ಬೀಳುತ್ತಿತ್ತು. ಅದೂ ಒಂದು ಮನೆಯಿಂದಲ್ಲ. ಎದುರು ಮನೆ, ಪಕ್ಕದ ಮನೆ, ಹಿಂದಿನ ಮನೆ, ಇಡೀ ಓಣಿಯಿಂದ. ಹೊಡೆಸಿಕೊಳ್ಳುವವರು ಒಬ್ಬರೂ ಕೂಗುತ್ತಿರಲಿಲ್ಲ ಎನ್ನುವುದೇ ನನ್ನನ್ನು ಇನ್ನಷ್ಟು ಹೆದರಿಸಿತು. ನನ್ನವರು ಸಕ್ಕರೆ ಕಾರ್ಖಾನೆಯ ಕೆಮಿಸ್ಟ್, ಬಾಯ್ಲರ್ ಸದ್ದಿನಲ್ಲೇ ನಿದ್ದೆ ಮಾಡುವುದನ್ನು ಕಲಿತವರು. "ಹೊಡ್ಕೊಳ್ಲಿ ಬಿಡು. ಹೊಸ ಊರು, ನಾವ್ಯಾಕೆ ಮಧ್ಯೆ ಹೋಗೋದು" ಎಂದು ಮಗ್ಗುಲು ಬದಲಿಸಿದರು. ನಾನೇ ಧೈರ್ಯ ಮಾಡಿ ಮೆಟ್ಟಿಲಿಳಿದು ಹೋದೆ. ಮನೆಯೊಡತಿ ಶಾಂತವ್ವ ಒಲೆಯ ಮುಂದೆ ಕೂತು ಜೋಳದ ಹಿಟ್ಟು ಬಡಿಯುತ್ತಿದ್ದರು.

"ಯಾಕ ತಂಗಿ, ನಿದ್ದಿ ಹತ್ತಲಿಲ್ಲೇನು?"

"ಏನಿಲ್ಲ, ಏನೋ ಸದ್ದಾಯ್ತು ಅಂತ ಬಂದೆ."

"ಭಾಕ್ರಿ ಬಡ್ಯಾಕತ್ತೀನಿ. ನಿಮ್ಮೂರಾಗ ಬಡಿಯೂದಿಲ್ಲೇನು?"

"ನಾವು ಮುದ್ದೆ ಕಟ್ತೀವಿ."

ಶಾಂತವ್ವ ಕೈ ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಯ್ಯ, ಹಲ್ಲ ಅದಾವಲ್ಲ ನಿನಗ!" ಎಂದರು.

ನಾನು ಮಂಡ್ಯದವಳು. ನನ್ನವರು ನಿವೃತ್ತರಾಗಿ ಮೂರು ತಿಂಗಳು ಮನೆಯಲ್ಲಿ ಕೂತು, ನನ್ನ ಅಡುಗೆಯಲ್ಲಿ ಉಪ್ಪಿನ ಪ್ರಮಾಣ ಅಳೆಯಲು ಶುರುಮಾಡಿದಾಗ, ಇವರು ಎಲ್ಲಾದರೂ ಕೆಲಸಕ್ಕೆ ಹೋದರೆ ಸಾಕಪ್ಪ ಎಂದು ದೇವರಲ್ಲಿ ಬೇಡಿಕೊಂಡೆ. ದೇವರು ಕೇಳಿಸಿಕೊಂಡ, ಸೋಲಾಪುರದ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ ಕಳಿಸಿದ. ಜೊತೆಗೆ ನನ್ನನ್ನೂ ಕಳಿಸಿದ, ಅದು ನಾನು ಬೇಡಿದ್ದಲ್ಲ. ಸೋಲಾಪುರ ಎಂದರೆ ನಮಗೆ ಹೊದಿಕೆ. ಆ ಊರಿನಲ್ಲಿ ಹೊದಿಕೆಯ ಆಚೆಗೂ ಜನ ಬದುಕುತ್ತಾರೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಮೊದಲು ಸೋಲಾಪುರದಲ್ಲೇ ಮನೆ ಹುಡುಕಿದೆವು. ಒಬ್ಬ ಯಜಮಾನರು ಮರಾಠಿಯಲ್ಲಿ ಕೇಳುವುದು, ನಾನು ಹರಕು ಹಿಂದಿಯಲ್ಲಿ ಉತ್ತರಿಸುವುದು, ನಡುವೆ ನನ್ನವರು ಇಂಗ್ಲಿಷಿನಲ್ಲಿ ನೀರಿನ ಒತ್ತಡ ವಿಚಾರಿಸುವುದು, ಹೀಗೆ ಬಹಳ ಹೊತ್ತು ಒದ್ದಾಡಿದೆವು. ಕೊನೆಗೆ ಅವರು ಒಳಗೆ ತಿರುಗಿ ಹೆಂಡತಿಗೆ, "ಏ, ಹಾಲ ಉಕ್ಕಾಕತ್ತಾವ, ಗ್ಯಾಸ್ ಬಂದ್ ಮಾಡ" ಎಂದು ಕೂಗಿದರು. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. "ನಿಮಗೆ ಕನ್ನಡ ಬರುತ್ತಾ!" ಎಂದರೆ, "ಬರ್ತದಲ್ರಿ. ನೀವು ಮದ್ಲ ಹೇಳಬೇಕಿಲ್ರಿ?" ಎಂದು ನನ್ನನ್ನೇ ಗದರಿದರು. ಇಲ್ಲಿ ಕನ್ನಡ ಹಾಗೆಯೇ. ಅಂಗಡಿಯ ಬೋರ್ಡು, ಬಸ್ಸಿನ ಹಣೆ, ಕಚೇರಿ ಎಲ್ಲ ಮರಾಠಿ. ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದಿರೋ, ಒಳಗೆ ಕನ್ನಡ. ನಮ್ಮಲ್ಲಿ ಇದಕ್ಕೆ ತಿರುಗುಮುರುಗು. ಮಂಡ್ಯದ ಬೋರ್ಡುಗಳೆಲ್ಲ ಕನ್ನಡದಲ್ಲಿವೆ, ಒಳಗೆ ಮಕ್ಕಳು ಮಾತ್ರ ಇಂಗ್ಲಿಷಿನಲ್ಲಿ ನೀರು ಕೇಳುತ್ತವೆ.

ಸೋಲಾಪುರದಿಂದ ಕಾರ್ಖಾನೆ ದೂರವಾಯಿತೆಂದು ಅಕ್ಕಲಕೋಟೆಗೆ ಬಂದೆವು. ಶಾಂತವ್ವ ವಾಗದರಿಯ ಹೊಲಮನೆಯ ಕುಟುಂಬದವರು. ಗಂಡ ತೀರಿಹೋದ ಮೇಲೆ ಹೊಲವನ್ನು ಭಾವನಿಗೆ ಬಿಟ್ಟು ಮಗಳೊಂದಿಗೆ ಪೇಟೆಯ ಈ ಮನೆಯಲ್ಲಿದ್ದಾರೆ. ಮಾಳಿಗೆಯ ಮೇಲಿನ ಎರಡು ಕೋಣೆ ನಮಗೆ ಕೊಟ್ಟರು. ಅವರ ಷರತ್ತು ಒಂದೇ: "ಮನ್ಯಾಗ ಖಂಡ ಬೇಯಿಸಬಾರದು. ತತ್ತೀನೂ ಬ್ಯಾಡ." ಮಂಡ್ಯದವಳಿಗೆ ಹೇಳುವ ಮಾತೇ ಇದು? ಭಾನುವಾರ ಬಂದರೆ ನನ್ನವರು ಏನೋ ಕೆಲಸದ ನೆಪ ಹೇಳಿ ಸೋಲಾಪುರಕ್ಕೆ ಹೋಗಿ, ಸಂಜೆ ಕೈಯನ್ನು ಮೂರು ಸಲ ತೊಳೆದುಕೊಂಡು ಬರುತ್ತಿದ್ದರು. ನಾನು ಸೇಂಗಾ ಹಿಂಡಿ ಎನ್ನುವ ಕಡಲೆಕಾಯಿ ಚಟ್ನಿ, ಕಡಲೆಹಿಟ್ಟಿನ ಜುಣಕ, ಕಲ್ಲಿನಂಥ ಕಡಕ್ ಭಾಕ್ರಿ ಮುಂದಿಟ್ಟುಕೊಂಡು ಕೋಳಿಸಾರನ್ನು ನೆನೆಯುತ್ತಿದ್ದೆ. ಹಿಂಡಿ ರುಚಿಯಾಗಿತ್ತು, ಸುಳ್ಳು ಹೇಳಬಾರದು. ಆದರೆ ದುಃಖದಲ್ಲಿದ್ದಾಗ ರುಚಿಯಾದದ್ದನ್ನು ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ ನೋಡಿ.

ದುಃಖ ಇತ್ತು. ಮುಚ್ಚಿಡುವುದೇನು? ಗಂಡ ಬೆಳಿಗ್ಗೆ ಹೋದರೆ ಸಂಜೆ ಬರುವುದು. ಕೆಳಗಿನವರು ಮಾತಾಡಿಸಿದರೆ ಅರ್ಧ ತಿಳಿಯುತ್ತಿತ್ತು, ಅರ್ಧಕ್ಕೆ ನಕ್ಕು ತಲೆಯಾಡಿಸುತ್ತಿದ್ದೆ. ನನ್ನ ಮಾತು ಕೇಳಿದರೆ ಅವರಿಗೆ ನಗು. "ವೈನಿ ಟಿವಿಯೊಳಗಿನವರಂಗ ಮಾತಾಡ್ತಾರ" ಎಂದು ಶಾಂತವ್ವನ ಮಗಳು ಮಹಾನಂದಾ ನನ್ನೆದುರಿಗೇ ಹೇಳಿದಳು. ವೈನಿ ಎಂದರೆ ಅತ್ತಿಗೆ. ಬಂದ ವಾರದಲ್ಲೇ ಇಡೀ ಓಣಿಗೆ ನಾನು ಮೈಸೂರ ವೈನಿಯಾದೆ. ಮಂಡ್ಯ ಎಂದು ನಾನು ಎಷ್ಟು ಹೇಳಿದರೂ, "ಅದ ಮೈಸೂರ ಬಾಜೂಕ ಅಲ್ಲೇನ್ರಿ" ಎಂದು ಮೈಸೂರಿಗೇ ಸೇರಿಸಿಬಿಟ್ಟರು.

ನನ್ನ ಜೊತೆಗೆ ಊರಿನಿಂದ ಬಂದದ್ದು ಒಂದು ಗೋಣಿಚೀಲ ಕಾದಂಬರಿ. ನಮ್ಮ ಸೋದರಮಾವ ಮಂಡ್ಯದ ಬಸ್‌ ನಿಲ್ದಾಣದ ಹತ್ತಿರ ಬಾಡಿಗೆ ಪುಸ್ತಕದ ಅಂಗಡಿ ಇಟ್ಟಿದ್ದರು. ಐವತ್ತು ಅರವತ್ತರ ದಶಕದಲ್ಲಿ ಹೆಂಗಸರು ಉಪ್ಪು ಹುಣಸೆಹಣ್ಣಿನ ಜೊತೆ ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದರಲ್ಲ, ಅಂಗೈ ಅಗಲದ ಆ ಕಾದಂಬರಿಗಳು. ಮುಖಪುಟದಲ್ಲಿ ಒಬ್ಬಳು ಕಣ್ಣೀರು ಸುರಿಸುತ್ತಿರುತ್ತಾಳೆ, ಹಿಂದೆ ಒಬ್ಬ ಕೋಟು ಹಾಕಿಕೊಂಡು ಬೇರೆ ದಿಕ್ಕಿಗೆ ನೋಡುತ್ತಿರುತ್ತಾನೆ. ಪತ್ತೇದಾರಿಯಾದರೆ ಕೋಟಿನವನ ಕೈಯಲ್ಲಿ ಪಿಸ್ತೂಲು. ಅಂಗಡಿ ಮುಚ್ಚಿದಾಗ ಮಾವ ಉಳಿದದ್ದನ್ನೆಲ್ಲ ನನಗೆ ಕೊಟ್ಟರು. ಆ ಪುಸ್ತಕಗಳನ್ನು ಎಷ್ಟು ಜನ ಓದಿದ್ದಾರೋ, ಓದಿದವರೆಲ್ಲ ಅಂಚಿನಲ್ಲಿ ಒಂದೊಂದು ಮಾತು ಬರೆದಿದ್ದಾರೆ. "ಪಾಪಿ", "ಇವಳಿಗೆ ಬುದ್ಧಿ ಇಲ್ಲ", "ಇಲ್ಲಿ ಅಳು ಬರುತ್ತದೆ." ಪತ್ತೇದಾರಿ ಕಾದಂಬರಿಯ ಮೊದಲ ಪುಟದಲ್ಲೇ ಯಾವನೋ ಪುಣ್ಯಾತ್ಮ "ಕೊಂದವನು ತೋಟದ ಮಾಲಿ" ಎಂದು ಬರೆದು ನೂರು ಜನರ ಹೊಟ್ಟೆಗೆ ಮಣ್ಣು ಹಾಕಿದ್ದಾನೆ.

ಅವುಗಳಲ್ಲಿ ನನಗೆ ಪ್ರಾಣವಾದದ್ದು ನಳಿನಿಯ ಕಥೆ. ಕಾದಂಬರಿಯ ಹೆಸರು ಹೇಳುವುದಿಲ್ಲ, ನೀವು ನಗುತ್ತೀರಿ. ಕಣ್ಣೀರು, ದೀಪ, ಬಳ್ಳಿ, ಈ ಮೂರರಲ್ಲಿ ಎರಡು ಅದರಲ್ಲಿವೆ. ನಳಿನಿ ಎಳೆ ವಯಸ್ಸಿಗೆ ಗಂಡನನ್ನು ಕಳೆದುಕೊಂಡವಳು. ವೀಣೆ ನುಡಿಸುತ್ತಾಳೆ, ಸಣ್ಣಗೆ ಕೆಮ್ಮುತ್ತಾಳೆ. ಡಾಕ್ಟರ್ ಪ್ರಭಾಕರ ಅವಳನ್ನು ಮೆಚ್ಚುತ್ತಾನೆ. ಊರನ್ನೆಲ್ಲ ಎದುರು ಹಾಕಿಕೊಂಡು ಮದುವೆ ನಿಶ್ಚಯವಾಗುತ್ತದೆ. ಮದುವೆಯ ದಿನ ಬೆಳಗಾಗುವಾಗ ನಳಿನಿ ಸತ್ತುಹೋಗುತ್ತಾಳೆ. "ಮುಗಿಯಿತು" ಎಂಬ ಅಚ್ಚಿನ ಕೆಳಗೆ ನೀಲಿ ಶಾಯಿಯಲ್ಲಿ ಯಾರೋ ಬರೆದಿದ್ದಾರೆ: "ಇಷ್ಟು ಅಳಿಸುವ ಬದಲು ಮದುವೆ ಮಾಡಿಸಬಹುದಿತ್ತು. ಒಬ್ಬ ಓದುಗಿತ್ತಿ, ಗುತ್ತಲು ರಸ್ತೆ, ಮಂಡ್ಯ." ಹೈಸ್ಕೂಲಿನಲ್ಲಿ ನಾನೂ ನಮ್ಮಕ್ಕ ಪ್ರಮೀಳೆಯೂ ಒಂದೇ ಟವಲಿನಲ್ಲಿ ಕಣ್ಣೊರೆಸಿಕೊಂಡು ಓದಿದ ಪುಟ ಅದು.

ಒಂದು ಮಧ್ಯಾಹ್ನ ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಅದನ್ನೇ ಗಟ್ಟಿಯಾಗಿ ಓದುತ್ತಿದ್ದೆ. ಯಾಕೆ ಗಟ್ಟಿಯಾಗಿ ಎಂದರೆ, ನನ್ನ ಕನ್ನಡ ನನ್ನ ಕಿವಿಗಾದರೂ ಬೀಳಲಿ ಎಂದು. ಸ್ವಲ್ಪ ಹೊತ್ತಿಗೆ ಅಗರಬತ್ತಿಯ ವಾಸನೆ ಬಂತು. ತಿರುಗಿ ನೋಡಿದರೆ ಕೆಳಗಿನ ಮೆಟ್ಟಿಲ ಮೇಲೆ ಶಾಂತವ್ವ ಸೆರಗು ತಲೆಗೆ ಹೊದ್ದು ಕೈಮುಗಿದು ನಿಂತಿದ್ದಾರೆ. ಹಿಂದೆ ಮಹಾನಂದಾ, ಅವಳ ಹಿಂದೆ ಪಕ್ಕದ ಮನೆಯ ನಾಗವ್ವ, ಅವರ ಹಿಂದೆ ಇನ್ನಷ್ಟು ಹೆಂಗಸರು. ಎಲ್ಲರೂ ಚಪ್ಪಲಿ ಬಿಟ್ಟಿದ್ದಾರೆ.

"ಪುರಾಣ ಹಚ್ಚೀಯಂತ ಹೇಳಬಾರದೇನು ತಂಗಿ? ಒಬ್ಬಾಕಿನ ಕುಂತು ಓದಿದ್ರ ಪುಣ್ಯ ಹತ್ತೂದಿಲ್ಲ. ಕೆಳಗ ಬಾ."

ಇಲ್ಲಿ ಶ್ರಾವಣದಲ್ಲಿ ಗುಡಿ ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಅದರ ಅರ್ಥ ಹೇಳುತ್ತಾರೆ, ಊರು ಕೂತು ಕೇಳುತ್ತದೆ. ಮನೆಯಲ್ಲಿ ಯಾರಾದರೂ ಕನ್ನಡ ಪುಸ್ತಕವನ್ನು ಗಟ್ಟಿಯಾಗಿ ಓದಿದರೆ ಅದು ಪುರಾಣವೇ, ಇನ್ನೇನು ಓದಿಯಾರು? ನಾನು ಗಾಬರಿಯಿಂದ, "ಅಯ್ಯೋ, ಇದು ದೇವರ ಕಥೆ ಅಲ್ಲಮ್ಮ, ಬರೀ ಕಾದಂಬರಿ" ಎಂದೆ. ಶಾಂತವ್ವ ಪುಸ್ತಕದ ಮುಖಪುಟದಲ್ಲಿ ಅಳುತ್ತಿದ್ದ ಹೆಂಗಸನ್ನು ನೋಡಿ, "ಪಾಪ, ಯಾರ ಮನಿ ಮಗಳೋ. ಇಕಿ ಕಷ್ಟ ಕೇಳಿದ್ರೂ ಪುಣ್ಯನ ಬರ್ತದ, ಬಾ" ಎಂದರು. ತಟ್ಟೆಯಲ್ಲಿ ತೆಂಗಿನಕಾಯಿ ಹೋಳು ಬೇರೆ ತಂದಿದ್ದರು. ಎಷ್ಟೋ ದಿನಗಳ ಮೇಲೆ ಯಾರೋ ನನ್ನನ್ನು ಬಾ ಎಂದು ಕರೆದಿದ್ದರು, ಹೋದೆ.

ಆ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನದ ಹೊತ್ತು ಕೆಲಸವೋ ಕೆಲಸ. ಮಹಾನಂದಾ ಓಣಿಯ ಹೆಂಗಸರನ್ನು ಸೇರಿಸಿಕೊಂಡು ಕಡಕ್ ಭಾಕ್ರಿ ಮಾಡಿ, ಸೇಂಗಾ ಹಿಂಡಿ ಕುಟ್ಟಿ, ಸೋಲಾಪುರದ ಅಂಗಡಿಗಳಿಗೆ ಕಳಿಸುತ್ತಾಳೆ. ಕೈಗಳಿಗೆ ಕೆಲಸ, ಕಿವಿಗಳು ಖಾಲಿ. ನಾನು ನಡುವೆ ಮಣೆಯ ಮೇಲೆ ಕೂತೆ. ಕಷ್ಟ ಏನೆಂದರೆ ಆ ಕಾಲದ ಕಾದಂಬರಿಯ ಕನ್ನಡ ಆ ಹೆಂಗಸರಿಗೆ ದೂರದ ನೆಂಟ. ಅವರೆಲ್ಲ ಮರಾಠಿ ಸಾಲೆಯಲ್ಲಿ ಓದಿದವರು, ಮಾತು ಮಾತ್ರ ಕನ್ನಡ. ಅದಕ್ಕೆ ಪುರಾಣದ ಪದ್ಧತಿಯಂತೆ ಅರ್ಥ ಹೇಳುವ ಕೆಲಸ ಮಹಾನಂದಾಳಿಗೆ ಬಿತ್ತು. ಅರ್ಥವಾಗದ್ದನ್ನು ನನ್ನನ್ನು ಪಿಸುಮಾತಿನಲ್ಲಿ ಕೇಳಿ, ಆಮೇಲೆ ಸಭೆಗೆ ಹೇಳುತ್ತಿದ್ದಳು.

ನಾನು ರಾಗವಾಗಿ ಓದಿದೆ: "ನಳಿನಿಯ ನಯನಯುಗಳದಿಂದ ಅಶ್ರುಬಿಂದುಗಳು ಮುತ್ತಿನ ಮಣಿಗಳಂತೆ ಉದುರಿ, ಗುಲಾಬಿಯ ದಳಗಳನ್ನು ನಾಚಿಸುವ ಅವಳ ಕಪೋಲಗಳನ್ನು ತೋಯಿಸಿ, ವೀಣೆಯ ತಂತಿಗಳ ಮೇಲೆ ಬಿದ್ದು, ಮೂಕವೇದನೆಯ ಸ್ವರವೊಂದನ್ನು ಮಿಡಿದವು."

ಮಹಾನಂದಾ ಸಭೆಗೆ ತಿರುಗಿ, "ಅತ್ಲು" ಎಂದಳು. "ಮುಂದ ಓದ್ರಿ ವೈನಿ."

ಒಂದು ಪುಟವನ್ನು ಅವಳು ಎರಡು ಮಾತಿನಲ್ಲಿ ಮುಗಿಸುತ್ತಿದ್ದಳು. ಬರೆದವರು ಕೇಳಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು. ನನಗಂತೂ ನಾನು ಪ್ರಾಣವಿಟ್ಟ ಪುಸ್ತಕ ನಡುವೆ ನಡುವೆ ನಗು ಬರಿಸುವ ಪುಸ್ತಕ ಎಂದು ಆಗ ತಿಳಿಯಿತು. ಪುರಾಣಕ್ಕೆ ಇನ್ನೊಂದು ನಿಯಮವಿದೆ. ಯಾರಾದರೂ ಕಷ್ಟದಲ್ಲಿರುವಾಗ ಓದು ನಿಲ್ಲಿಸಬಾರದು, ಒಳ್ಳೆಯ ಜಾಗ ನೋಡಿ ನಿಲ್ಲಿಸಬೇಕು. ಈ ಕಾದಂಬರಿಯಲ್ಲಿ ಒಳ್ಳೆಯ ಜಾಗ ಎಲ್ಲಿಂದ ತರಲಿ? ನಳಿನಿಗೆ ಒಂದು ಲೋಟ ಕಾಫಿ ಸಿಕ್ಕ ವಾಕ್ಯ ಬರುವವರೆಗೂ ಓದುತ್ತ ಹೋಗಿ ಗಂಟಲು ಕಟ್ಟಿತು. ನಳಿನಿ ಎರಡೇ ದಿನದಲ್ಲಿ ನಳಿನವ್ವನಾದಳು. ಅವಳ ಅತ್ತೆಗೆ ಓಣಿಯಲ್ಲಿ ದಿನವೂ ಶಾಪ ಬೀಳತೊಡಗಿತು.

ಕೇಳುವವರಲ್ಲಿ ಒಬ್ಬ ಗಂಡಸೂ ಇದ್ದ. ಮೈಂದರ್ಗಿಯ ರೇವಣಸಿದ್ಧ, ಭಾಕ್ರಿಯ ಡಬ್ಬಗಳನ್ನು ಟೆಂಪೋದಲ್ಲಿ ಸೋಲಾಪುರಕ್ಕೆ ಒಯ್ಯುವವನು. ಹೆಂಡತಿ ಸತ್ತಿದ್ದಾಳೆ, ಒಬ್ಬಳು ಸಣ್ಣ ಮಗಳು. ಹೊರಗೆ ಕಟ್ಟೆಯ ಮೇಲೆ ಕೂತು, ತನಗೂ ಪುರಾಣಕ್ಕೂ ಸಂಬಂಧವೇ ಇಲ್ಲವೆನ್ನುವಂತೆ ಟೆಂಪೋದ ಚಕ್ರವನ್ನು ದಿಟ್ಟಿಸುತ್ತ ಕೇಳುತ್ತಿದ್ದ. ಒಂದು ದಿನ ನಾನು ಎರಡು ಪುಟ ಒಟ್ಟಿಗೆ ಮಗುಚಿಬಿಟ್ಟಾಗ ಹೊರಗಿನಿಂದ, "ವೈನಿ, ನಡುವ ಏನೋ ಬಿಟ್ರಿ ನೋಡ್ರಿ" ಎಂದ ಮೇಲೆ ಅವನ ಗುಟ್ಟು ರಟ್ಟಾಯಿತು. ಒಳಗೆ ನಗುವೋ ನಗು. ಮಹಾನಂದಾ ಮಾತ್ರ ನಗಲಿಲ್ಲ, ಮುಖ ಕೆಂಪಾಗಿ ಹಿಂಡಿ ಕುಟ್ಟಿದಳು.

ಸಂಗತಿಯನ್ನು ನಾಗವ್ವ ಹೇಳಿದಳು. ಮಹಾನಂದಾಳ ಗಂಡ ತೀರಿಹೋಗಿ ನಾಲ್ಕೈದು ವರ್ಷ. ರೇವಣಸಿದ್ಧ ಹಿರಿಯರ ಮೂಲಕ ಅವಳನ್ನು ಕೇಳಿದ್ದಾನೆ. ಅವಳಿಗೂ ಮನಸ್ಸಿದೆ, ಶಾಂತವ್ವನೂ ಒಪ್ಪಿದ್ದಾರೆ.

"ಮತ್ತೆ ತಡ ಯಾಕೆ?"

"ಉಡಿಕಿ ಬ್ಯಾಡ ಅಂತಾಳ್ರಿ ಆ ಹುಡಿಗಿ."

ಗಂಡ ಸತ್ತವಳಿಗೆ ಮತ್ತೆ ಗಂಡನನ್ನು ಮಾಡಿಕೊಡುವುದಕ್ಕೆ ಉಡಿಕಿ ಎನ್ನುತ್ತಾರೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆ ಮಾತೇ ಎತ್ತುವಂತಿರಲಿಲ್ಲ. ಇಲ್ಲಿ ಹಿಂದಿನಿಂದ ನಡೆದುಬಂದಿದೆ ಎಂದು ಕೇಳಿ ನನಗೆ ಖುಷಿಯಾಯಿತು. ಆದರೆ ನಡೆಯುವ ರೀತಿ ಕೇಳಿ ಖುಷಿ ಇಳಿಯಿತು. ಹೊತ್ತು ಮುಳುಗಿದ ಮೇಲೆ ಮಾಡಬೇಕು. ವಾಲಗ ಇಲ್ಲ, ಅಕ್ಷತೆ ಇಲ್ಲ, ಮುತ್ತೈದೆಯರು ಆ ಕಡೆ ಸುಳಿಯುವಂತಿಲ್ಲ. ಒಂದು ಸೀರೆ ಉಡಿಸಿ ಕತ್ತಲಲ್ಲೇ ಕಳಿಸಿಬಿಡುವುದು. ಈಗ ಅನೇಕರು ಹಗಲಲ್ಲೇ ಚೆನ್ನಾಗಿ ಮಾಡುತ್ತಾರಂತೆ, ಆದರೆ ಶಾಂತವ್ವನಿಗೆ ವಾಗದರಿಯ ಭಾವನ ಭಯ, ಜನರ ಬಾಯಿಯ ಭಯ. ಮಹಾನಂದಾ ಒಂದೇ ಹಟ ಹಿಡಿದಿದ್ದಳು: "ಕತ್ತಲ್ಯಾಗ ಹೋಗಾಕ ನಾ ಏನು ಕಳವು ಮಾಡೀನಿ? ಹಗಲಾಗ ಮಾಡ್ರಿ, ಇಲ್ಲಾಂದ್ರ ಬ್ಯಾಡ." ಇತ್ತ ರೇವಣಸಿದ್ಧನ ತಾಯಿ, ತುಳಸಿ ಲಗ್ನದೊಳಗೆ ಒಂದು ಮಾತು ಹೇಳದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದು ಹೇಳಿಕಳಿಸಿದ್ದರು. ದೀಪಾವಳಿ ಆಗಲೇ ಮುಗಿದಿತ್ತು, ತುಳಸಿ ಹಬ್ಬಕ್ಕೆ ಕೆಲವೇ ದಿನ.

ಅದೇ ಹೊತ್ತಿಗೆ ನಮ್ಮ ಕಾದಂಬರಿಯಲ್ಲಿ ನಳಿನಿಯ ಮದುವೆ ನಿಶ್ಚಯವಾಯಿತು. ನಾನು ಆ ಅಧ್ಯಾಯ ಓದಿ ಮುಗಿಸುತ್ತಿದ್ದಂತೆ ಪಡಸಾಲೆಯಲ್ಲಿ ಗದ್ದಲವೆದ್ದಿತು. ಪುರಾಣದಲ್ಲಿ ಶರಣರು ಹುಟ್ಟಿದರೆ ಇವರು ತೊಟ್ಟಿಲು ಕಟ್ಟಿ ತೂಗುತ್ತಾರೆ, ಮದುವೆಯಾದರೆ ಅಕ್ಷತೆ ಹಾಕಿ ಊಟ ಹಾಕಿಸುತ್ತಾರೆ. ನಳಿನವ್ವನ ಲಗ್ನವನ್ನು ಬಿಡುವುದುಂಟೆ?

"ಶುಕ್ರವಾರ ಚಲೋ ದಿನ ಅದ" ಎಂದರು ಶಾಂತವ್ವ. "ಕಡ್ಲಿಬ್ಯಾಳಿ ನಾ ನೆನಿಹಾಕ್ತೀನಿ. ಹೋಳಿಗಿ ಮಾಡೂಣು. ನಾಗವ್ವ, ಜಂಪರ ಪೀಸು ನಿಂದು. ಏ ರೇವಣಸಿದ್ಧ, ಮೈಂದರ್ಗಿಯಿಂದ ಬ್ಯಾಂಡಿನವರನ್ನ ಕರಕೊಂಡು ಬಾ. ಇಬ್ಬರ ಸಾಕು."

ಬ್ಯಾಂಡು ಬರುತ್ತದೆ, ಹೋಳಿಗೆ ಬೇಯುತ್ತದೆ, ಮದುಮಗಳು ಸಾಯುತ್ತಾಳೆ. ಇವರಿಗೆ ಹೇಗಪ್ಪ ಹೇಳುವುದು? ಆ ರಾತ್ರಿ ಊಟಕ್ಕೆ ಕೂತಾಗ ಗಂಡನ ಹತ್ತಿರ ಗೋಳಾಡಿದೆ. ಅವರು ಶಾಂತವಾಗಿ, "ಅವಳು ಸತ್ತು ಅರವತ್ತು ವರ್ಷ ಆಯ್ತಲ್ಲ, ಈಗೇನು ಅವಸರ? ಒಂದು ತಿಂಗಳು ತಡವಾಗಿ ಸಾಯ್ಲಿ" ಎಂದು ಭಾಕ್ರಿ ಮುರಿದರು. ಕೆಮಿಸ್ಟರಿಗೆ ಸಾಹಿತ್ಯ ತಿಳಿಯುವುದಿಲ್ಲ.

ಗುರುವಾರ ಮಹಾನಂದಾಳೊಬ್ಬಳನ್ನೇ ಮಾಳಿಗೆಗೆ ಕರೆದು ಹೇಳಿಬಿಟ್ಟೆ. "ನೋಡಮ್ಮ, ನಳಿನಿಗೆ ಮದುವೆ ಆಗೋದಿಲ್ಲ. ಅವತ್ತು ಬೆಳಿಗ್ಗೆ ಸತ್ತೋಗ್ತಾಳೆ."

"ಏನಾಗಿ?"

"ಕೆಮ್ಮು. ಕ್ಷಯ."

"ಮಾಡಿಕೊಳ್ಳಾಂವ ಡಾಕ್ಟರ್ ಅದಾನ, ಅಕಿ ಕೆಮ್ಮಿ ಸಾಯ್ತಾಳ?" ಅವಳಿಗೆ ದುಃಖಕ್ಕಿಂತ ಸಿಟ್ಟು ಹೆಚ್ಚು ಬಂದಿತ್ತು. "ಅಲ್ರಿ ವೈನಿ, ಅಷ್ಟೆಲ್ಲ ಅಳಿಸಿ, ಇನ್ನೇನು ತಾಳಿ ಕಟ್ಟಬೇಕು ಅನ್ನೂದ್ರಾಗ ಕೊಲ್ಲೂದು ಅಂದ್ರ, ಬರದಾಂವಗ ಯಾರ ಭಯ ಇತ್ತು?"

ಈಗ ಯೋಚಿಸಿದರೆ ಬರೆದವರಿಗೂ ಯಾರೋ ವಾಗದರಿಯ ಭಾವ ಇದ್ದಿರಬೇಕು. "ನಾಳೆ ನಾನು ಓದೋದಿಲ್ಲ. ತಲೆನೋವು ಅಂತ ಮಲಗಿಬಿಡ್ತೀನಿ" ಎಂದೆ.

"ಚಲೋ ಆತು, ಹೋಳಿಗಿ ಯಾರ ತಲಿಗೆ ಹಚ್ಚೂದು?" ಅವಳು ಮೆಟ್ಟಿಲು ಇಳಿಯುತ್ತ ತಿರುಗಿ ನೋಡಿದಳು. "ನೀವು ಇದ್ದದ್ದು ಇದ್ದಂಗ ಓದ್ರಿ ವೈನಿ. ಒಂದಕ್ಷರ ಬಿಡಬ್ಯಾಡ್ರಿ. ಅರ್ಥ ಹೇಳಾಕಿ ನಾ ಅದೀನಲ್ಲ."

ಶುಕ್ರವಾರ ಪಡಸಾಲೆ ಸಾರಿಸಿ ರಂಗೋಲಿ ಹಾಕಿದ್ದರು. ಮಣೆಯ ಮೇಲೆ ಪುಸ್ತಕ, ಪುಸ್ತಕಕ್ಕೆ ಹೂವಿನ ಹಾರ, ಅಳುವ ನಳಿನಿಯ ಹಣೆಗೆ ಕುಂಕುಮ. ಹೆಂಗಸರೆಲ್ಲ ಹಬ್ಬದ ಇಳಕಲ್ ಸೀರೆ ಉಟ್ಟು, ಅರಿಶಿನದ ಅಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ಶಾಂತವ್ವ ಮಾತ್ರ ಒಳಬಾಗಿಲ ಮರೆಯಲ್ಲಿ ನಿಂತಿದ್ದರು, ಗಂಡನಿಲ್ಲದವರು ಮುಂದೆ ಬರಬಾರದೆಂದು. ಮಹಾನಂದಾ ಅರ್ಥ ಹೇಳುವ ನೆಪದಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಳು. ಹೊರಗೆ ಕಟ್ಟೆಯ ಮೇಲೆ ಒಂದು ಕ್ಲಾರಿನೆಟ್ಟು, ಒಂದು ಡೋಲು, ಇಸ್ತ್ರಿ ಮಾಡಿದ ಅಂಗಿಯಲ್ಲಿ ರೇವಣಸಿದ್ಧ. ನಾನು ಕೊನೆಯ ಅಧ್ಯಾಯ ತೆಗೆದೆ.

"ಅರುಣೋದಯದ ಹೊಂಗಿರಣಗಳು ಗವಾಕ್ಷದಿಂದ ಇಣುಕುತ್ತಿದ್ದಂತೆ ನಳಿನಿಯ ಜೀವನಜ್ಯೋತಿ ನಂದಿತು."

ಮಹಾನಂದಾ ಎದ್ದು ನಿಂತು, "ಹೊತ್ತು ಹೊಂಟಿತು. ಮುಹೂರ್ತದ ಯಾಳೆ ಬಂತು" ಎಂದಳು.

"ಆ ಕಮಲವದನದ ಮೇಲೆ ಇಹದ ಸಂಕಟಗಳನ್ನೆಲ್ಲ ಗೆದ್ದ ಮಂದಹಾಸವೊಂದು ಮಾತ್ರ ಉಳಿದಿತ್ತು."

"ಮದುಮಗಳ ಮಾರಿ ಮ್ಯಾಲ ನಗಿ."

ನನಗೆ ಕಣ್ಣು ತುಂಬಿ ಅಕ್ಷರ ಕಾಣಲಿಲ್ಲ. ಎಷ್ಟು ಸಲ ಓದಿದರೂ ಈ ಪುಟಕ್ಕೆ ಬಂದರೆ ನನಗೆ ಹೀಗೇ. "ಪ್ರಭಾಕರನು ಗರಬಡಿದವನಂತೆ ನಿಂತು, ಕೈಯಲ್ಲಿದ್ದ ಮಂಗಲಸೂತ್ರವನ್ನು ನಿಶ್ಚಲವಾದ ಆ ಕೊರಳಿಗೆ..." ಎಂದು ಬಿಕ್ಕಿದೆ.

"ಡಾಕ್ಟರ್ ಸಾಹೇಬ ತಾಳಿ ಕಟ್ಟಿದ!" ಎಂದು ಮಹಾನಂದಾ ಕೂಗಿದಳು. "ಅಕ್ಷತಿ ಹಾಕ್ರಿ!"

ಒಂದು ಗಳಿಗೆ ಯಾರೂ ಅಲ್ಲಾಡಲಿಲ್ಲ. ಆಮೇಲೆ ಒಳಬಾಗಿಲಿನಿಂದ ಮೊದಲ ಹಿಡಿ ಅಕ್ಕಿ ಹಾರಿಬಂತು. ಹಿಂದೆಯೇ ಎಲ್ಲರ ಕೈಯಿಂದ ಸುರಿಯಿತು. ಡೋಲು ಬಡಿಯಿತು, ಕ್ಲಾರಿನೆಟ್ಟು ಕಿವಿ ಕಿತ್ತುಹೋಗುವಂತೆ ಊದಿತು. ಪುಸ್ತಕದ ಮೇಲೆ, ನನ್ನ ತಲೆಯ ಮೇಲೆ, ಕನ್ನಡಕದ ಮೇಲೆ ಹಳದಿ ಅಕ್ಕಿ. ನಾನು ಗೊಳೋ ಎಂದು ಅಳುತ್ತಿದ್ದೆ. ನಾಗವ್ವ ನನ್ನ ಬೆನ್ನು ಸವರಿ, "ಹೆಣ್ಣ ಕಡೆಯವರು ಅಳಬೇಕ್ರಿ, ಅದು ರೀತಿನ ಅದ" ಎಂದಳು.

ವಾಲಗ ನಿಂತ ಮೇಲೆ ಮಹಾನಂದಾ ಕೂರಲಿಲ್ಲ. ಒಳಬಾಗಿಲ ಕಡೆಗೆ ತಿರುಗಿದಳು.

"ಅವ್ವಾ, ನಳಿನವ್ವನೂ ಗಂಡ ಸತ್ತಾಕಿನ. ಅಕಿಗೆ ಹಗಲಾಗ ಅಕ್ಷತಿ ಬಿತ್ತು. ಬ್ಯಾಂಡ ಊದಿಸಿದಿ. ಮುತ್ತೈದ್ಯಾರೆಲ್ಲ ಮುಂದ ಕುಂತಾರ. ಯಾರಿಗೆ ಏನಾತು? ಮಾಳಿಗಿ ಬಿತ್ತೇನು?"

"ಅದು ಪುರಾಣದಾಗಿಂದು ಮಹಾನಂದಾ."

"ಕಂಡರಿಯದಾಕಿಗೆ ಇಷ್ಟ ಮಾಡಿದಿ. ನಾ ನಿನ್ನ ಹೊಟ್ಟಿಯೊಳಗ ಹುಟ್ಟಿದಾಕಿ. ನನಗ ಯಾಕ ಕತ್ತಲಿ?"

ಹೊರಗೆ ರೇವಣಸಿದ್ಧ ಟೆಂಪೋದ ಚಕ್ರ ನೋಡುವುದನ್ನು ಬಿಟ್ಟು ಎದ್ದು ನಿಂತಿದ್ದ. ನಾನು ಪುಸ್ತಕವನ್ನು ಎದೆಗವಚಿಕೊಂಡು ಕೂತಿದ್ದೆ. ಶಾಂತವ್ವ ಮಗಳ ಮುಖವನ್ನು ನೋಡಿದರು, ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ನೋಡಿದರು, ಸೆರಗಿನಿಂದ ಮೂಗೊರೆಸಿಕೊಂಡು ಹೊರಗಿನವರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದರು:

"ಬ್ಯಾಂಡಿನವರಿಗೆ ಹೊಟ್ಟಿತುಂಬ ಊಟ ಹಾಕ್ರಿ. ಮುಂದಿನ ತಿಂಗಳ ಮತ್ತ ಬರಬೇಕಂತ ಹೇಳ್ರಿ. ಹಗಲಾಗ."

ತುಳಸಿ ಲಗ್ನ ಆದ ಮೇಲೆ ಅದೇ ಪಡಸಾಲೆಯಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ಮಹಾನಂದಾಳ ಲಗ್ನವಾಯಿತು. ವಾಗದರಿಯ ಭಾವ ಬರುವುದಿಲ್ಲವೆಂದು ಹೇಳಿಕಳಿಸಿ, ಹೋಳಿಗೆಯ ಹೊತ್ತಿಗೆ ಸರಿಯಾಗಿ ಬಂದು ಮೊದಲ ಪಂಕ್ತಿಯಲ್ಲಿ ಕೂತರು. ಶಾಂತವ್ವ ಬಾಗಿಲ ಮರೆಯಲ್ಲಿ ನಿಲ್ಲಲಿಲ್ಲ. ಮುಂದೆ ನಿಂತು, ಮಗಳ ತಲೆಯ ಮೇಲೆ ಕೈಯಾರೆ ಅಕ್ಷತೆ ಹಾಕಿದರು. ಹೆಣ್ಣಿನ ಕಡೆಯವಳೆಂದು ನಾನು ರೀತಿ ಪ್ರಕಾರ ಅತ್ತೆ.

ಅದಾದ ಮರುದಿನ ಪಾತ್ರೆ ತೊಳೆದು ಬೋರಲು ಹಾಕುತ್ತಿದ್ದಾಗ ಶಾಂತವ್ವ ಮೆಲ್ಲಗೆ ಕೇಳಿದರು, "ತಂಗಿ, ನಳಿನವ್ವ ಸತ್ಲು. ಹೌದಿಲ್ಲೋ?"

"ನಿಮಗೆ ಗೊತ್ತಾಯ್ತಾ?"

"ಜ್ಯೋತಿ ನಂದಿತು ಅಂದಿ. ಅಷ್ಟೂ ತಿಳಿಯೂದಿಲ್ಲೇನು ನಮಗ? ನೀ ಅಳೂದು ನೋಡಿದ್ರ ಎಮ್ಮಿಗೂ ತಿಳೀತಿತ್ತು. ಎಲ್ಲಾರಿಗೂ ಗೊತ್ತಾತು."

"ಮತ್ತೆ ಅಕ್ಷತೆ ಹಾಕಿದಿರಲ್ಲ!"

"ಅಕ್ಕಿ ಕೈಯಾಗಿತ್ತು. ಮಗಳು ಎದುರಿಗೆ ನಿಂತಿದ್ಲು, ಅಕಿ ಮಾರಿ ನೋಡಿದೆ" ಎಂದರು ಶಾಂತವ್ವ. "ಸತ್ತಾಕಿಗೆ ಅಳೂದು ಯಾವಾಗರೆ ಅಳಬಹುದಂತ ಹಾಕಿಬಿಟ್ಟೆ."

ಸಂಕ್ರಾಂತಿಗೆ ಮಂಡ್ಯಕ್ಕೆ ಹೋದೆ. ಕೋಳಿಸಾರು, ಮುದ್ದೆ, ಹೊಟ್ಟೆ ಬಿರಿಯುವಷ್ಟು. ಮೂರನೆಯ ದಿನ ಬೆಳಿಗ್ಗೆ ಬೇಗ ಎಚ್ಚರವಾಯಿತು. ಏನೋ ಕಮ್ಮಿಯಾಗಿತ್ತು. ಎಷ್ಟೋ ಹೊತ್ತು ಕಿವಿಗೊಟ್ಟು ಮಲಗಿದ ಮೇಲೆ ತಿಳಿಯಿತು, ಓಣಿಯಲ್ಲಿ ಯಾರೂ ಯಾರನ್ನೂ ಬಡಿಯುತ್ತಿಲ್ಲ. ನಾನು ಹೌದ್ರಿ ಎಂದರೆ ಮನೆಯವರಿಗೆಲ್ಲ ನಗು. ಪಕ್ಕದ ಮನೆಯವರು, "ಸೋಲಾಪುರದೋರು ಬಂದವ್ರೆ" ಎಂದು ಮಾತಾಡಿಸಲು ಬಂದು, ಹೊದಿಕೆ ತಂದಿಲ್ಲವೇ ಎಂದು ಕೇಳಿ ಹೋದರು. ಅಲ್ಲಿ ನಾನು ಯಾವತ್ತೂ ವಾಸ ಮಾಡದ ಮೈಸೂರಿನವಳು, ಇಲ್ಲಿ ಯಾವತ್ತೂ ವಾಸ ಮಾಡದ ಸೋಲಾಪುರದವಳು.

ಅಕ್ಕ ಪ್ರಮೀಳಾ ನನ್ನ ಚೀಲದಿಂದ ಪುಸ್ತಕ ತೆಗೆದು, ಹಾಳೆಗಳ ನಡುವಿನಿಂದ ಉದುರಿದ ಹಳದಿ ಅಕ್ಕಿಯನ್ನು ಅಂಗೈಗೆ ಹಾಕಿಕೊಂಡು, "ಇದೇನೇ ಇದು? ಇವಳು ಸತ್ತಾಗ ಎಷ್ಟು ಅತ್ತಿದ್ವಲ್ಲೇ ನಾವು" ಎಂದಳು.

"ಇಲ್ಲಿ ಸತ್ಲು ಕಣಕ್ಕ" ಎಂದೆ. "ಅಲ್ಲಿ ಚೆನ್ನಾಗಿದಾಳೆ."

ಹೊರಡುವ ದಿನ ಪೆನ್ನು ಹುಡುಕಿ ಕೊನೆಯ ಪುಟ ತೆಗೆದೆ. ಗುತ್ತಲು ರಸ್ತೆಯ ಆ ಪುಣ್ಯಾತ್ಗಿತ್ತಿ ಯಾರೋ, ಈಗ ಇದ್ದಾಳೋ ಇಲ್ಲವೋ. ಮದುವೆ ಮಾಡಿಸಬಹುದಿತ್ತು ಎಂಬ ಅವಳ ನೀಲಿ ಅಕ್ಷರಗಳ ಕೆಳಗೆ, "ಮಾಡಿಸಿದೆವು. ಹೋಳಿಗೆ ಎರಡು ಸಲ ಆಯಿತು" ಎಂದು ಬರೆದು, ಅವಳಂತೆಯೇ ಊರಿನ ಹೆಸರು ಹಾಕಲು ಹೋದೆ. ಕೈ ತಾನಾಗಿ ಮಂಡ್ಯ ಎಂದು ಬರೆಯಿತು. ಸ್ವಲ್ಪ ಹೊತ್ತು ಅದನ್ನೇ ನೋಡಿದೆ. ಹೊಡೆದುಹಾಕಲು ಮನಸ್ಸು ಬರಲಿಲ್ಲ, ಹಾಗೇ ಬಿಡಲೂ ಆಗಲಿಲ್ಲ. ಪಕ್ಕದಲ್ಲಿ ಇನ್ನೆರಡು ಮಾತು ಸೇರಿಸಿದೆ: ಹಾಲಿ ಮುಕ್ಕಾಂ ಅಕ್ಕಲಕೋಟೆ.